ಕಾನೂನು ಪದಪಟ್ಟಿ: ‘ಕಾಂಟ್ರಾಡಿಸ್ಟಿಂಗ್ವಿಶ್’ ನಮೂದು ಎಲ್ಲಿಗೆ ಬಂತು

ಇಂಗ್ಲಿಷ್ ಕಾನೂನು ಪದಗಳಿಗೆ ಕನ್ನಡ ಅರ್ಥ ಕೊಡುವ ಈ ಪಟ್ಟಿಯ ಕ್ರಿಯಾಪದಗಳ ಹಾಳೆಯಲ್ಲಿ ‘ಕಾಂಟ್ರಾಸ್ಟ್’, ‘ಡಿಸ್ಟಿಂಗ್ವಿಶ್’ ಮುಗಿದಿವೆ. ಈಗ ಕೈಯಲ್ಲಿರುವುದು ‘ಕಾಂಟ್ರಾಡಿಸ್ಟಿಂಗ್ವಿಶ್’. ಮಾತಿನಲ್ಲಿ ಕೇಳಿಬರುವ ಪದವಲ್ಲ. ತೀರ್ಪು, ಕಾನೂನು ವ್ಯಾಖ್ಯಾನ, ತತ್ತ್ವಶಾಸ್ತ್ರದ ಬರಹಗಳಲ್ಲಿ ಇದರ ವಾಸ. ಒತ್ತು ‘ಟಿಂಗ್’ ಮೇಲೆ.

ಅರ್ಥದ ಸಾಲು ಹೀಗೆ ನಿಂತಿದೆ: ಒಂದೇ ಬಗೆಯ ಎರಡನ್ನು ಎದುರುಬದುರಿಟ್ಟು, ಅವುಗಳ ವಿರುದ್ಧ ಗುಣಗಳಿಂದ ಇದು ಬೇರೆ, ಅದು ಬೇರೆ ಎಂದು ತೋರಿಸು. ‘ವಿರೋಧಿಸು’, ‘ಅಲ್ಲಗಳೆ’ ಸೇರಿಸಬಾರದು. ಅವು ‘ಕಾಂಟ್ರಡಿಕ್ಟ್’ ಪಾಲಿನವು.

ತೀರ್ಪುಗಳಲ್ಲಿ ಹೆಚ್ಚಾಗಿ ಸಿಗುವ ರೂಪ ‘ಆ್ಯಸ್ ಕಾಂಟ್ರಾಡಿಸ್ಟಿಂಗ್ವಿಶ್ಡ್ ಫ್ರಮ್’. ಆದ್ದರಿಂದ ಉದಾಹರಣೆಯೂ ಅದರದ್ದೇ: ‘ಎ ಲೀಸ್, ಆ್ಯಸ್ ಕಾಂಟ್ರಾಡಿಸ್ಟಿಂಗ್ವಿಶ್ಡ್ ಫ್ರಮ್ ಎ ಲೈಸೆನ್ಸ್, ಕ್ರಿಯೇಟ್ಸ್ ಆ್ಯನ್ ಇಂಟರೆಸ್ಟ್ ಇನ್ ದ ಪ್ರಾಪರ್ಟಿ.’ ಲೀಸ್‌ನ ವ್ಯಾಖ್ಯೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 105ನೇ ಕಲಮಿನಲ್ಲಿದೆ. ಲೈಸೆನ್ಸ್‌ನದು, ಅಂದರೆ ಇನ್ನೊಬ್ಬರ ಸ್ವತ್ತನ್ನು ಬಳಸುವ ಬರೀ ಅನುಮತಿಯದು, ಅದೇ ವರ್ಷದ ಈಸ್‌ಮೆಂಟ್ ಕಾಯ್ದೆಯ 52ನೇ ಕಲಮಿನಲ್ಲಿ. ಲೀಸ್‌ಗೆ ಕನ್ನಡದಲ್ಲಿ ‘ಗುತ್ತಿಗೆ’ ಎಂದೇ ಬರೆಯುವುದು ಒಳ್ಳೆಯದು. ಬೆಂಗಳೂರಿನಲ್ಲಿ ‘ಲೀಸ್’ ಅಂದರೆ ದೊಡ್ಡ ಮೊತ್ತ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಮನೆ ಹಿಡಿಯುವುದು ಎಂದೇ ಓದುಗರ ತಲೆಗೆ ಬರುತ್ತದೆ.

ಅನುವಾದ ಎಡವುವುದು ‘ಫ್ರಮ್’ ಬಳಿ. ‘ಲೈಸೆನ್ಸ್‌ಗೆ ವ್ಯತಿರಿಕ್ತವಾಗಿ’ ಅಂದರೆ ಕೆಲಸ ಕೆಟ್ಟಿತು: ಕಚೇರಿ ಕನ್ನಡದಲ್ಲಿ ‘ನಿಯಮಕ್ಕೆ ವ್ಯತಿರಿಕ್ತವಾಗಿ’ ಅಂದರೆ ನಿಯಮ ಮುರಿದು ಎಂದರ್ಥ. ‘ಲೈಸೆನ್ಸ್‌ಗೆ ಬದಲಾಗಿ’ ಅಂದರೆ ಅದರ ಜಾಗದಲ್ಲಿ ಇದು ಬಂದಿತು ಎಂದಾಗುತ್ತದೆ. ಸದ್ಯ ಉಳಿಸಿಕೊಂಡಿದ್ದು: ‘ಲೈಸೆನ್ಸ್‌ನಂತಲ್ಲದೆ, ಗುತ್ತಿಗೆಯಿಂದ ಸ್ವತ್ತಿನಲ್ಲಿ ಹಿತಾಸಕ್ತಿ ಹುಟ್ಟುತ್ತದೆ.’ ಹಿತಾಸಕ್ತಿ ಅಂದರೆ ಇಲ್ಲಿ ಸ್ವತ್ತಿನಲ್ಲಿನ ಹಕ್ಕು. ‘ಅಲ್ಲದೆ’ ಮೊದಲಲ್ಲೇ ಬಂದು, ಕೊನೆಯ ಕ್ರಿಯಾಪದ ‘ಇಲ್ಲ’ ಸೇರದೆ ಇತ್ಯಾತ್ಮಕವಾಗಿಯೇ ಉಳಿಯಬೇಕು. ‘ಗುತ್ತಿಗೆಯಂತೆ ಲೈಸೆನ್ಸ್‌ನಿಂದ ಹಿತಾಸಕ್ತಿ ಹುಟ್ಟುವುದಿಲ್ಲ’ ಎಂದು ತಿರುಗಿಸಿದರೆ ಎರಡರಿಂದಲೂ ಹುಟ್ಟುವುದಿಲ್ಲವೇನೋ ಎಂಬ ಓದಿಗೂ ಎಡೆಯಾಗುತ್ತದೆ. ಕರಾರುಪತ್ರದಲ್ಲಿ ಅಷ್ಟು ಸಾಕು ವ್ಯಾಜ್ಯಕ್ಕೆ.

ಬಳಕೆಯ ಅಂಕಣದಲ್ಲಿ ಎರಡೇ ಟಿಪ್ಪಣಿ. ಇದು ಸಕರ್ಮಕ, ‘ಡಿಸ್ಟಿಂಗ್ವಿಶ್’ ನೋಡಿಕೊಂಡು ‘ಬಿಟ್ವೀನ್’ ಹಚ್ಚಬಾರದು. ಕ್ರಿಯಾಪದಕ್ಕೆ ‘ಫ್ರಮ್’, ನಾಮಪದಕ್ಕೆ ‘ಟು’: ‘ಇನ್ ಕಾಂಟ್ರಾಡಿಸ್ಟಿಂಕ್ಷನ್ ಟು’.

ಬಾಕಿ ಇರುವುದು ನಾಮಪದದ ನಮೂದು. ಅದಕ್ಕೆ ಒಡೆತನ–ಸ್ವಾಧೀನದ ಜೋಡಿಯನ್ನು ಎತ್ತಿಟ್ಟಿದೆ.