ಕರಿ ಹೋದ ಹೂದಾನಿ

12 ಜನವರಿ 2025, ಭಾನುವಾರ, ಬೀದರ್

ಇವತ್ತು ಥಂಡಿ ಜಾಸ್ತಿ. ಸಂಜೆ ಪುಣೆಯಿಂದ ಅಕ್ಕನ ಮಗಳ ಫೋನು. ದನಿ ಕೇಳಿದಾಗಲೇ ಗೊತ್ತಾಯಿತು, ಏನೋ ಕೆಡಿಸಿಕೊಂಡು ಕೂತಿದ್ದಾಳೆ.

"ಮಾಮಾ, ನಮ್ಮೂರಿಂದು ಅಂತ ಫೋಟೋ ಹಾಕ್ಬೇಕಂತ ಬಿದ್ರಿ ಹೂದಾನಿ ಹೊರಗ ತೆಗದೆ. ಬೆಳ್ಳಿ ಮಬ್ಬಾಗಿತ್ತು. ನಿಂಬಿಹಣ್ಣು, ಹಿತ್ತಾಳಿ ತಿಕ್ಕೋ ಪುಡಿ ಹಚ್ಚಿ ತಿಕ್ಕಿದೆ. ಕರಿ ಬಣ್ಣೇ ಹೋಗ್ಯಾದ."

ಬಿದ್ರಿ ಅಂದರೆ ನಮ್ಮ ಬೀದರಿನ ಕೈಕೆಲಸ, ಕರಿ ಲೋಹದೊಳಗೆ ಬೆಳ್ಳಿ ಕೂಡಿಸಿದ್ದು. ಬೈಯಬೇಕು ಅನಿಸಿತು. ಆದರೆ ಆ ಕರಿ ಬಳಿದ ಬಣ್ಣ ಅಲ್ಲ ಅಂತ ಅವಳಿಗೆ ಯಾರು ಹೇಳಿದ್ದಾರೆ? ಊರಿನವರಿಗೇ ಗೊತ್ತಿಲ್ಲ. ಅಂಗಡಿಯವರು ಡಬ್ಬಿಗೆ ಹಾಕಿ ಕೊಡುತ್ತಾರೆ, ನಾವು ಮದುವೆಗೆ ಒಯ್ದು ಕೊಡುತ್ತೇವೆ, ಮುಗಿಯಿತು.

ಬಿದ್ರಿ ಸಾಮಾನಿನ ಮೈ 16 ಪಾಲು ಸತು, 1 ಪಾಲು ತಾಮ್ರ. ಅಂದರೆ 1,600 ಗ್ರಾಂ ಸತುವಿಗೆ 100 ಗ್ರಾಂ ತಾಮ್ರ. ಅಷ್ಟು ಚೂರು ತಾಮ್ರ ಇಲ್ಲದಿದ್ದರೆ ಸತು ಆ ಕರಿ ಹಿಡಿಯುವುದೇ ಇಲ್ಲ. ಎರಕ ಹೊಯ್ದು ಅರ ಹಾಕಿದಾಗ ಬೂದು ಬಿಳುಪು. ಅದರ ಮೇಲೆ ಮೈಲುತುತ್ತದ ನೀರು ಸವರುತ್ತಾರೆ, ಆಗ ಬರುವ ಕಪ್ಪು ಬರೀ ನಾಲ್ಕು ದಿನದ್ದು, ಹೂಬಳ್ಳಿ ಗೀರಿದ್ದು ಕಣ್ಣಿಗೆ ಕಾಣಲಿ ಅಂತ. ಆಮೇಲೆ ಉಳಿಯಿಂದ ತೋಡು ಕೆತ್ತಿ ಅಪ್ಪಟ ಬೆಳ್ಳಿ ತಂತಿ ಕೂಡಿಸಿದರೆ ತಾರ್ಕಶಿ, ತಗಡು ಕತ್ತರಿಸಿ ಕೂಡಿಸಿದರೆ ತೈನಿಶಾನ್. ಅಂಟು ಗಿಂಟು ಏನಿಲ್ಲ, ಸುತ್ತಿಗೆ ಏಟಿಗೆ ಬೆಳ್ಳಿ ಹರಡಿ ತೋಡಿನ ಗೋಡೆಗೆ ಕಚ್ಚಿಕೊಳ್ಳಬೇಕು. ಅದಕ್ಕೇ ಬೆಳ್ಳಿ ಮೆತ್ತಗಿರಬೇಕು. ಬೆರಕೆ ಬೆಳ್ಳಿ ಗಟ್ಟಿ, ತೋಡಿನಲ್ಲಿ ಕೂರುವುದಿಲ್ಲ, ಸ್ವಲ್ಪ ದಿನಕ್ಕೆ ಉಗುರಿಗೆ ಏಳುತ್ತದೆ. ಕೊಳ್ಳುವಾಗ ಬೆರಳಾಡಿಸಿ ನೋಡಬೇಕಾದ್ದು ಇದನ್ನೇ. ಬೆಳ್ಳಿ ಎಲ್ಲಿ ಶುರು, ಮೈ ಎಲ್ಲಿ ಶುರು ಅಂತ ಬೆರಳಿಗೆ ತಿಳಿಯಬಾರದು.

ಇಷ್ಟಾದ ಮೇಲೆ ಉಜ್ಜಿದರೆ ಮೈಲುತುತ್ತದ ಕಪ್ಪು ಹೋಗಿ ಮತ್ತೆ ಎಲ್ಲ ಬೆಳ್ಳಗೆ, ಬೆಳ್ಳಿ ಎಲ್ಲಿದೆ ಅಂತ ಹುಡುಕಬೇಕು. ಕೊನೆಗೆ ಕೋಟೆಯ ಮಣ್ಣು. ವರ್ಷಾನುಗಟ್ಟಲೆ ಮಳೆ ಬಿಸಿಲು ಕಾಣದ ಹಳೆ ಕಟ್ಟಡದ ಒಳಗಿನದು, ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸುತ್ತಾರೆ. ಅದನ್ನು ನವಸಾಗರದ (ಅಮೋನಿಯಂ ಕ್ಲೋರೈಡ್) ಜೊತೆ ನೀರಲ್ಲಿ ಕಾಯಿಸಿ, ಸಾಮಾನನ್ನೂ ಹದಕ್ಕೆ ಬಿಸಿ ಮಾಡಿ ತಿಕ್ಕುತ್ತಾರೆ. ಮೈ ಕರ್ರಗಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಕೋಟೆ ನೋಡಲು ಬಂದವರು ಒಂದು ಮುಷ್ಟಿ ಮಣ್ಣು ಕಟ್ಟಿಕೊಂಡು ಹೋಗುವುದನ್ನು ಕಂಡರೆ ನಗು. ನವಸಾಗರ ಇಲ್ಲದೆ ಅದನ್ನು ಏನು ಮಾಡುತ್ತಾರೋ.

ಇವಳು ತಿಕ್ಕಿ ತೆಗೆದದ್ದು ಆ ತೆಳು ಪದರ. ಹುಳಿ ಬಿದ್ದರೆ ಸತು ಕರಗುತ್ತದೆ, ನಿಂಬೆ, ಹುಣಸೆ ಎರಡೂ ಅದಕ್ಕೆ ವೈರಿ. ನೀರು ನಿಂತರೂ ಬಿಳಿ ಪುಡಿ ಏಳುತ್ತದೆ. ಹೂದಾನಿ ಅಂತ ಹೆಸರಿದ್ದರೂ ನೀರು ಹಾಕಿ ಹೂ ಇಡಬಾರದು. ಒಣ ಅರಿವೆಯಿಂದ ಧೂಳು ತೆಗೆ, ಕರಿ ಮಸುಕಾದರೆ ಎರಡು ಹನಿ ಕೊಬ್ಬರಿ ಎಣ್ಣೆ ಸವರಿ ಒರಸು, ಅಷ್ಟೇ ಸಾಕು ಅಂದೆ.

"ಈಗ ಸರಿ ಆಗ್ತದೇನು?"

ಆಗುತ್ತದೆ. ಮೈ ಹಾಗೇ ಇದೆಯಲ್ಲ, ಕುಶಲಕರ್ಮಿ ಮತ್ತೊಮ್ಮೆ ಮಣ್ಣು ಕೊಟ್ಟರೆ ಕರಿ ಬರುತ್ತದೆ. ಮನೆಯಲ್ಲಿ ಬೂಟ್ ಪಾಲಿಶ್ ಮಾತ್ರ ಹಚ್ಚಬೇಡ, ಅದು ಬೆಳ್ಳಿಯ ಸಂದಿಗೆಲ್ಲ ತುಂಬುತ್ತದೆ. ಕೊರಿಯರ್ ಮಾಡುವಾಗ ಬಟ್ಟೆ ದಪ್ಪ ಸುತ್ತು. ಹಿತ್ತಾಳೆ ಬಿದ್ದರೆ ನೆಗ್ಗುತ್ತದೆ, ಇದು ಪಟ್ ಅಂತ ಒಡೆಯುತ್ತದೆ.

ಫೋಟೋ ಕೆಳಗೆ ಏನು ಬರೀಲಿ ಅಂತ ಕೇಳಿದಳು. ಬಹಮನಿ ಸುಲ್ತಾನರು, ಇರಾನಿ ಕಲೆ, ಎಲ್ಲರೂ ಅದನ್ನೇ ಬರೆಯುತ್ತಾರೆ. 2023ರಲ್ಲಿ ನಮ್ಮ ಬಿದ್ರಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದದ್ದು ಬರಿ, 16ಕ್ಕೆ 1 ಅಂತ ಬರಿ ಅಂದೆ. "ಲೆಕ್ಕ ಯಾರ್ ಓದ್ತಾರ ಮಾಮಾ, ಗವಾನ್ ಮದರಸಾದ್ದೂ ಒಂದ್ ಫೋಟೋ ಹಾಕ್ತೀನಿ" ಅಂದಳು. ಹಾಕಲಿ. ಬೀದರಿನ ಹಳೆ ವಿದ್ಯಾಲಯ ಅದು, 1472ರ ಕಟ್ಟಡ, 1696ರಲ್ಲಿ ಮದ್ದು ಸಿಡಿದು ಒಂದು ಭಾಗ ಹೋದರೂ ಉಳಿದ ಮಿನಾರಿನ ಮೇಲೆ ಇನ್ನೂ ಬಣ್ಣದ ಹೆಂಚಿನ ಚೂರುಗಳಿವೆ. ಅವನ್ನು ಯಾರೂ ನಿಂಬೆಹಣ್ಣು ಹಚ್ಚಿ ತಿಕ್ಕಿಲ್ಲ, ಪುಣ್ಯ.

ಈಗ ಹೂದಾನಿ ಫೋಟೋ ಕಳಿಸಿದ್ದಾಳೆ. ಪೂರ್ತಿ ಬೂದಿ ಬಣ್ಣ. ಬಾಯಿಯ ಅಂಚಿನ ಕೆಳಗೆ, ಅರಿವೆ ಹೋಗದ ಸಂದಿಯಲ್ಲಿ ಮಾತ್ರ ಬೆರಳಗಲ ಕರಿ ಉಳಿದಿದೆ, ಅದರ ಮೇಲೆ ಎರಡು ಎಳೆ ಬೆಳ್ಳಿ. ಅಷ್ಟನ್ನೇ ಹತ್ತಿರದಿಂದ ತೆಗೆದು ಹಾಕು ಅಂತ ಬರೆಯಬೇಕು, ಮಲಗಿದ್ದಾಳೋ ಏನೋ