ಜಪಾನಿಗೆ ಹೊರಟಿದ್ದೀರಾ? ಟಿಪ್ಸ್ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಜಪಾನಿಗೆ ವಿಮಾನ ಹತ್ತುವ ಮುಂಚೆಯೇ ನಾವು ಟಿಪ್ಸ್ ಕೊಟ್ಟಾಗಿತ್ತು. ಬೆಂಗಳೂರಿನಲ್ಲಿ ಪ್ಯಾಕೇಜಿಗೆ ದುಡ್ಡು ಕಟ್ಟುವಾಗ ಕೊನೆಯ ಪುಟದಲ್ಲಿ ‘ಗೈಡ್ ಮತ್ತು ಡ್ರೈವರ್ ಟಿಪ್ಸ್, ಕಡ್ಡಾಯ’ ಅಂತ ಒಂದು ಸಾಲಿತ್ತು. ತಲೆಗೆ ದಿನಕ್ಕೆ 5 ಡಾಲರ್. ನಮ್ಮಿಬ್ಬರಿಗೆ 8 ದಿನಕ್ಕೆ 80 ಡಾಲರ್. ಅಲ್ಲಿಯ ಪದ್ಧತಿ ಇರಬೇಕು ಅಂದುಕೊಂಡು ಕಟ್ಟಿಬಿಟ್ಟೆವು.

ಜಪಾನಿನಲ್ಲಿ ಅಂಥ ಪದ್ಧತಿಯೇ ಇಲ್ಲ. ಅದನ್ನು ನಮಗೆ ತಿಳಿಸಿದ್ದು ಕ್ಯೋಟೋದ ಒಬ್ಬ ಅಜ್ಜಿ.

ನಮ್ಮ ಹೋಟೆಲಿನ ಹಿಂದಿನ ಗಲ್ಲಿಯಲ್ಲಿ ಎಂಟು ಜನ ಕೂರುವಷ್ಟು ಪುಟ್ಟ ಉದೋನ್ ಅಂಗಡಿ. ಅಜ್ಜ ಬೇಯಿಸುತ್ತಾರೆ, ಅಜ್ಜಿ ಬಡಿಸುತ್ತಾರೆ. ಕಿತ್ಸುನೆ ಉದೋನ್ ಅಂದರೆ ಬಿಸಿ ಸಾರಿನಲ್ಲಿ ದಪ್ಪ ಶಾವಿಗೆ, ಮೇಲೆ ಸಿಹಿಯಾಗಿ ಬೇಯಿಸಿದ ಕರಿದ ತೋಫು. 550 ಯೆನ್. ಕಚ್ಚಿದರೆ ತೋಫುವಿನಿಂದ ರಸ ಒಸರುತ್ತದೆ. ನವೆಂಬರ್ ಚಳಿಯಲ್ಲಿ ಆ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕೂತರೆ ಏಳಲು ಮನಸ್ಸೇ ಬರುವುದಿಲ್ಲ. ಮೂರು ದಿನವೂ ಅಲ್ಲೇ ತಿಂದೆವು. (ಸಾರಿಗೆ ಒಣಮೀನಿನ ರಸ ಹಾಕುತ್ತಾರೆ. ಪೂರ್ತಿ ಸಸ್ಯಾಹಾರಿಗಳಿಗೆ ಇದು ಆಗುವುದಿಲ್ಲ.)

ಎರಡನೇ ದಿನ ಖುಷಿಯಿಂದ ಬಟ್ಟಲಿನ ಪಕ್ಕ 500 ಯೆನ್ ನಾಣ್ಯ ಇಟ್ಟು ಬಂದೆ. ಸಿಗ್ನಲ್ ಹತ್ತಿರ ಹೋಗುವಷ್ಟರಲ್ಲಿ ಅಜ್ಜಿ ಏಪ್ರನ್ನಿನಲ್ಲೇ ಓಡಿ ಬಂದರು. ಏದುಸಿರು ಬಿಡುತ್ತಾ, ಎರಡೂ ಕೈಯಲ್ಲಿ ನಾಣ್ಯ ಹಿಡಿದು ನನ್ನ ಮುಂದೆ ಚಾಚಿದರು. ನಾನು ಮರೆತು ಹೋದೆ ಅಂದುಕೊಂಡಿದ್ದರು. ಅಷ್ಟು ವಯಸ್ಸಾದವರನ್ನು ಸುಮ್ನೆ ಓಡಿಸಿದೆನಲ್ಲ ಅಂತ ತುಂಬಾ ಬೇಜಾರಾಯಿತು. ಮರುದಿನ ನಾಣ್ಯ ಇಡಲಿಲ್ಲ. ಹೊರಡುವಾಗ ‘ಗೊಚಿಸೋಸಮ ದೆಶಿತ’ ಅಂದೆವು. ಊಟಕ್ಕೆ ಧನ್ಯವಾದ ಅಂತ ಅರ್ಥ. ಒಳಗಿದ್ದ ಅಜ್ಜನೂ ಹೊರಗೆ ಇಣುಕಿ ನಕ್ಕರು. ಈ ಮಾತೊಂದನ್ನು ಕಲಿತು ಹೋಗಿ.

ಇನ್ನೊಂದು ವಿಷಯ. ಇಜಾಕಾಯಾ ಎನ್ನುವ ಕುಡಿಯುವ ಹೋಟೆಲುಗಳಲ್ಲಿ ಕೇಳದೆಯೇ ಒಂದು ಚಿಕ್ಕ ತಟ್ಟೆ ತಿಂಡಿ ತಂದಿಡುತ್ತಾರೆ. ಇದಕ್ಕೆ ‘ಒತೋಶಿ’ ಅನ್ನುತ್ತಾರೆ. ಒಸಾಕಾದಲ್ಲಿ ನಮಗೆ ತಲೆಗೆ 400 ಯೆನ್ ಬಿತ್ತು. ಇದು ಮೋಸ ಅಲ್ಲ, ಕೂತ ಜಾಗಕ್ಕೆ ತೆಗೆದುಕೊಳ್ಳುವ ದುಡ್ಡು. ಜಗಳ ಆಡಬೇಡಿ. ದೊಡ್ಡ ಹೋಟೆಲುಗಳಲ್ಲಿ ಸರ್ವಿಸ್ ಚಾರ್ಜ್ ಬಿಲ್ಲಿನಲ್ಲೇ ಸೇರಿರುತ್ತದೆ. ಅದರ ಮೇಲೆ ಏನೂ ಕೊಡಬೇಕಿಲ್ಲ.

ಕೊನೆಯ ದಿನ ನಮ್ಮ ಟೂರ್ ಮ್ಯಾನೇಜರ್ ಹತ್ತಿರ ಕೇಳಿದೆ, ‘ನಮ್ಮ ಟಿಪ್ಸಿನಲ್ಲಿ ಡ್ರೈವರಿಗೆ ಎಷ್ಟು ಹೋಯಿತು?’ ಅವರು ಮಾತು ಬದಲಿಸಿದರು. ಹಾಗಾಗಿ ಬುಕ್ ಮಾಡುವಾಗಲೇ ಕೇಳಿ: ಈ ದುಡ್ಡು ಯಾರಿಗೆ, ಎಷ್ಟು? ಉತ್ತರ ಬರವಣಿಗೆಯಲ್ಲಿ ಕೊಡದಿದ್ದರೆ ಬೇರೆಯವರನ್ನು ನೋಡಿ, ಅಲ್ವಾ?

ಊರಿನಿಂದ ಮೈಸೂರ್ ಪಾಕಿನ ಚಿಕ್ಕ ಡಬ್ಬಿಗಳನ್ನು ಒಯ್ದಿದ್ದೆವು. ಮಳೆಯಲ್ಲಿ ನೆನೆಯುತ್ತಾ ನಮ್ಮ ಸೂಟ್‌ಕೇಸ್ ಎತ್ತಿಟ್ಟ ಡ್ರೈವರಿಗೆ ಒಂದು ಕೊಟ್ಟೆವು. ದುಡ್ಡಾಗಿದ್ದರೆ ಬೇಡ ಅನ್ನುತ್ತಿದ್ದರೋ ಏನೋ. ಇದನ್ನು ಎರಡೂ ಕೈ ಚಾಚಿ ತೆಗೆದುಕೊಂಡರು.