ಹನ್ನೆರಡು ಕುದುರೆಗಳ ಚಳಿಗಾಲ

ಪೆಟ್ಟಿಗೆಯಿಂದ ಹೊರಬಂದ ಹನ್ನೆರಡು ಪ್ಲಾಸ್ಟಿಕ್ ಕುದುರೆಗಳೂ ನಾಗಾಲೋಟದಲ್ಲಿದ್ದವು. ಮುಂಗಾಲುಗಳು ಗಾಳಿಯಲ್ಲಿ, ಕತ್ತು ಮುಂದಕ್ಕೆ, ಬಾಲ ಬಾವುಟದಂತೆ ಹಿಂದಕ್ಕೆ. ಹೊಟ್ಟೆ ತುಂಬ ಮೇದು, ಮೈ ತಿಕ್ಕಿಸಿಕೊಂಡು ಈಗಷ್ಟೇ ಲಾಯದಿಂದ ಹೊರಬಿದ್ದಂತೆ ಕಾಣುತ್ತಿದ್ದವು. ಅಚ್ಚಿನ ಕೆಲಸ ಬಹಳ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ನನಗೆ ಬೇಕಾಗಿದ್ದುದು ಈ ಕುದುರೆಗಳಲ್ಲ. 1807ರ ಫೆಬ್ರವರಿ 8ರಂದು ಐಲಾವ್ ಎಂಬ ಊರಿನ ಹೊರಗೆ, ಹಿಮದಲ್ಲಿ ನಿಂತಿದ್ದ ಕುದುರೆಗಳು ನನಗೆ ಬೇಕಾಗಿದ್ದವು.

ನಾನಿರುವುದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ. ಹೆಬ್ಬೆರಳಿನಷ್ಟು ಎತ್ತರದ ಯುದ್ಧದ ಗೊಂಬೆಗಳನ್ನು ತಯಾರಿಸುವ ಹಲವು ಕಂಪನಿಗಳು ಇದೇ ಊರಿನ ಸುತ್ತಮುತ್ತ ಇವೆ. ಕೆಲಸಕ್ಕೆಂದು ಬಂದ ನನಗೆ ಸಹೋದ್ಯೋಗಿಯೊಬ್ಬರು ಒಂದು ಸಂಜೆ ತಮ್ಮ ಕ್ಲಬ್ಬಿನ ಮೇಜು ತೋರಿಸಿದರು. ಅದರ ಮೇಲೆ ಹೊಲ, ಬೇಲಿ, ಇಗರ್ಜಿ ಇದ್ದವು. ನಡುವೆ ನೆಪೋಲಿಯನ್ ಕಾಲದ ಸೈನ್ಯಗಳು ಎದುರುಬದುರು ನಿಂತಿದ್ದವು. ದಾಳ ಹಾಕಿ, ಅಳತೆಪಟ್ಟಿ ಹಿಡಿದು ಆಡುವ ಈ ಆಟಕ್ಕೆ ಅಂದು ಮನಸೋತವನು ಇಂದಿಗೂ ಬಿಟ್ಟಿಲ್ಲ. ಆಟಕ್ಕಿಂತ ಹೆಚ್ಚಾಗಿ ಕುಂಚ ಮತ್ತು ಗರಗಸದ ಕೆಲಸ ನನ್ನನ್ನು ಹಿಡಿದಿಟ್ಟುಕೊಂಡಿದೆ. ಫೆಬ್ರವರಿಯ ಎರಡನೆಯ ಭಾನುವಾರ ಐಲಾವ್ ಕದನವನ್ನು ಆಡುವುದೆಂದು ಕ್ಲಬ್ಬಿನಲ್ಲಿ ತೀರ್ಮಾನವಾದಾಗ, ಫ್ರೆಂಚ್ ಡ್ರಗೂನ್ (ಕುದುರೆಯ ಮೇಲೂ ನೆಲಕ್ಕಿಳಿದೂ ಕಾದುವ) ರಾವುತರ ಒಂದು ರೆಜಿಮೆಂಟನ್ನು ನಾನು ತರುತ್ತೇನೆ ಎಂದು ಒಪ್ಪಿಕೊಂಡೆ. ಕೈಯಲ್ಲಿದ್ದುದು ಐದು ವಾರ.

ಐಲಾವ್ ಇಂದು ರಷ್ಯಾದ ಕಲಿನಿನ್‌ಗ್ರಾದ್ ಪ್ರಾಂತ್ಯದಲ್ಲಿದೆ; ಈಗಿನ ಹೆಸರು ಬಗ್ರಾತಿಯೊನೊವ್ಸ್ಕ್. ಅಂದು ಬೆಳಿಗ್ಗೆ ಹಿಮಗಾಳಿಯಲ್ಲಿ ದಾರಿ ಕಾಣದೆ ಫ್ರೆಂಚ್ ಸೇನಾಪತಿ ಓಜೆರೋನ ಕಾಲಾಳು ಪಡೆ ನೇರವಾಗಿ ರಷ್ಯನ್ ಫಿರಂಗಿಗಳ ಬಾಯಿಗೆ ಹೋಗಿ ನುಚ್ಚುನೂರಾಯಿತು. ಫ್ರೆಂಚರ ನಡುಭಾಗದಲ್ಲಿ ಬಿದ್ದ ಆ ಕಂಡಿಯನ್ನು ಮುಚ್ಚಲು ನೆಪೋಲಿಯನ್ ತನ್ನ ಮೀಸಲು ಅಶ್ವದಳವನ್ನು ಸೇನಾಪತಿ ಮ್ಯುರಾನ ಮುಂದಾಳತ್ವದಲ್ಲಿ ನುಗ್ಗಿಸಿದ. ಸುಮಾರು 80 ಸ್ಕ್ವಾಡ್ರನ್ (ರಾವುತರ ತುಕಡಿ), ಹತ್ತು ಸಾವಿರಕ್ಕೂ ಹೆಚ್ಚು ರಾವುತರು. ಚರಿತ್ರೆಯ ಪುಸ್ತಕಗಳು ಈ ದಾಳಿಯನ್ನು ಸಿಡಿಲಿನ ಹಾಗೆ ಬಣ್ಣಿಸುತ್ತವೆ. ನಾನು ಯೋಚಿಸುತ್ತಿದ್ದುದು ಕುದುರೆಗಳ ಬಗ್ಗೆ. ಮೇವಿಗೆ ತತ್ವಾರವಾಗಿದ್ದ ಚಳಿಗಾಲ ಅದು. ಬೆನ್ನ ಮೇಲೆ ಆಳು, ಜೀನು, ಕತ್ತಿ, ಬಂದೂಕು, ಸುತ್ತಿಟ್ಟ ಗಂಟು. ಕಾಲ ಕೆಳಗೆ ಹಿಮ. ಅಂಥ ಕುದುರೆಯನ್ನು ನಾಗಾಲೋಟದಲ್ಲಿ ತೋರಿಸುವುದು ನನಗೆ ಸುಳ್ಳು ಹೇಳಿದಂತೆ ಅನ್ನಿಸಿತು. ಆ ಕಾಲದ ಫ್ರೆಂಚ್ ಭಾರಿ ಅಶ್ವದಳ ಒಳ್ಳೆಯ ನೆಲದ ಮೇಲೂ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಬಹುಪಾಲು ದೂರವನ್ನು ನಾಗಾಲೋಟಕ್ಕಿಂತ ನಿಧಾನವಾದ ಕುಕ್ಕುಲೋಟದಲ್ಲಿಯೇ ಕ್ರಮಿಸುತ್ತಿತ್ತು. ಹಾಗಾಗಿ ಹನ್ನೆರಡು ಕುದುರೆಗಳನ್ನೂ ನಾಗಾಲೋಟದಿಂದ ಕುಕ್ಕುಲೋಟಕ್ಕೆ ಇಳಿಸಬೇಕೆಂದು ನಿರ್ಧರಿಸಿದೆ.

ಜನವರಿಯ ಒಂದು ಶನಿವಾರ ಬೆಳಿಗ್ಗೆ ಕೂತೆ. ಪ್ಲಾಸ್ಟಿಕ್ ಕುದುರೆ ಎಡ ಮತ್ತು ಬಲ ಎಂದು ಎರಡು ಹೋಳುಗಳಾಗಿ ಬರುತ್ತದೆ. ಒಂದೊಂದು ಹೋಳಿಗೆ ಒಂದು ಮುಂಗಾಲು, ಒಂದು ಹಿಂಗಾಲು. ಅಕ್ಕಸಾಲಿಗರ ಸಣ್ಣ ಗರಗಸದಿಂದ ಕಾಲನ್ನು ಮಂಡಿಯ ಬಳಿ ಕತ್ತರಿಸಿ, ಎರಡೂ ತುದಿಗಳಲ್ಲಿ ಕೈ ಡ್ರಿಲ್ಲಿನಿಂದ ಅರ್ಧ ಮಿಲಿಮೀಟರಿನ ತೂತು ಕೊರೆದು, ಹಿತ್ತಾಳೆ ತಂತಿಯ ಚೂರು ಸೇರಿಸಿ, ಬೇಕಾದ ಕೋನಕ್ಕೆ ಬಗ್ಗಿಸಿ ಅಂಟಿಸಬೇಕು. ಕಾಲಿನ ದಪ್ಪ ಬೆಂಕಿಕಡ್ಡಿಗಿಂತ ಕಡಿಮೆ. ಡ್ರಿಲ್ ಕೂದಲೆಳೆಯಷ್ಟು ಓರೆಯಾದರೂ ಪಕ್ಕದಿಂದ ಹೊರಬರುತ್ತದೆ. ಉಸಿರು ಬಿಗಿಹಿಡಿದು ಮಾಡುವ ಕೆಲಸ ಇದು. ಹತ್ತು ಗಂಟೆಯ ಹೊತ್ತಿಗೆ ಮೊದಲ ಕುದುರೆ ನಾಲ್ಕು ಹೊಸ ಮಂಡಿಗಳ ಮೇಲೆ ನಿಂತಿತು. ಫೋಟೋ ತೆಗೆದು ಮೈಸೂರಿನಲ್ಲಿರುವ ಅಪ್ಪನಿಗೆ ಕಳುಹಿಸಿದೆ.

ಅಪ್ಪನಿಗೇ ಏಕೆಂದರೆ, ನಮ್ಮ ತಾತ ಜಟಕಾ ಓಡಿಸುತ್ತಿದ್ದವರು. ಅಪ್ಪ ಬಾಲ್ಯದಲ್ಲಿ ಬೆಳಿಗ್ಗೆ ಎದ್ದು ಕುದುರೆಗೆ ಹುರುಳಿ ಬೇಯಿಸಿ ಹಾಕಿ ಆಮೇಲೆ ಶಾಲೆಗೆ ಹೋಗುತ್ತಿದ್ದರಂತೆ. ಹತ್ತು ನಿಮಿಷದಲ್ಲಿ ಅವರ ಫೋನ್ ಬಂತು.

"ಇದು ಕುದುರೆಯೋ, ಒಂಟೆಯೋ?" ಎಂದರು.

"ಏಕಪ್ಪ, ಏನಾಯಿತು?"

"ಒಂದೇ ಪಕ್ಕದ ಎರಡು ಕಾಲನ್ನೂ ಒಟ್ಟಿಗೆ ಎತ್ತಿಸಿದ್ದೀಯಲ್ಲೋ. ಹಾಗೆ ನಡೆಯುವುದು ಒಂಟೆ. ಗಾಡಿಗೆ ಕಟ್ಟಿದ ಕುದುರೆ ಕುಕ್ಕುತ್ತಾ ಓಡುವಾಗ ಮುಂದಿನ ಬಲಗಾಲು ಎದ್ದರೆ ಹಿಂದಿನ ಎಡಗಾಲು ಏಳುತ್ತದೆ. ಕಣ್ಣು ಮುಚ್ಚಿಕೊಂಡು ಕೇಳಿದರೂ ಗೊತ್ತಾಗುತ್ತದೆ, ಎರಡೇ ಸದ್ದು. ಟಪ್, ಟಪ್. ಇನ್ನೊಂದು ಮಾತು. ಕತ್ತು ಅಷ್ಟು ಮೇಲಿರುವುದಿಲ್ಲ. ದಣಿದ ಕುದುರೆ ಕತ್ತನ್ನು ಹೆಗಲಿನ ಮಟ್ಟಕ್ಕೆ ಇಳಿಸಿಬಿಡುತ್ತದೆ. ನಮ್ಮದು ಬೇಸಿಗೆಯಲ್ಲಿ ರೈಲ್ವೆ ಸ್ಟೇಷನ್ನಿನಿಂದ ಬರುವಾಗ ಹಾಗೇ ಬರುತ್ತಿತ್ತು."

ಒಂದೊಂದು ಹೋಳನ್ನು ಬೇರೆಬೇರೆಯಾಗಿ ಕೈಯಲ್ಲಿ ಹಿಡಿದು ಕೆಲಸ ಮಾಡಿದ್ದರಿಂದ ಎಡಹೋಳಿನ ಎರಡು ಕಾಲುಗಳನ್ನೂ ಎತ್ತಿಸಿದ್ದೆ. ಇಡೀ ಕುದುರೆಯನ್ನು ನೋಡಿಯೇ ಇರಲಿಲ್ಲ. ಅಂಗಿಯ ಗುಂಡಿ ಎಷ್ಟು, ಜೇಬಿನ ಪಟ್ಟಿ ಅಡ್ಡವೋ ಉದ್ದವೋ ಎಂದು ತಿಂಗಳುಗಟ್ಟಲೆ ಓದಿದ್ದ ನಾನು ಕುದುರೆಯ ನಡಿಗೆಯ ಬಗ್ಗೆ ಒಂದು ದಿನವೂ ಓದಿರಲಿಲ್ಲ. ನಮ್ಮ ಹವ್ಯಾಸದಲ್ಲಿ ಇದು ದೊಡ್ಡ ಕೊರತೆಯೆಂದು ನನಗೆ ಅನ್ನಿಸುತ್ತದೆ. ಆಳಿನ ಸಮವಸ್ತ್ರಕ್ಕೆ ಕೊಡುವ ಗಮನದ ಕಾಲುಭಾಗವನ್ನೂ ನಾವು ಕುದುರೆಗೆ ಕೊಡುವುದಿಲ್ಲ. ಕುದುರೆ ಇಲ್ಲದಿದ್ದರೆ ಐಲಾವ್‌ನ ಆ ದಾಳಿಯೇ ಇಲ್ಲ.

ಮತ್ತೆ ಗರಗಸ ಹಿಡಿದೆ. ಈ ಸಲ ಎರಡು ಹೋಳುಗಳನ್ನೂ ಮೊದಲು ಮೇಣದಿಂದ ತಾತ್ಕಾಲಿಕವಾಗಿ ಕೂಡಿಸಿ, ಎದುರುಬದುರಿನ ಕಾಲುಗಳನ್ನು ಗುರುತು ಮಾಡಿಕೊಂಡು ಆಮೇಲೆ ಕತ್ತರಿಸಿದೆ. ಕತ್ತಿನ ಬುಡದಲ್ಲಿ ಬೆಣೆಯಾಕಾರದ ತುಂಡು ತೆಗೆದು ತಲೆಯನ್ನು ಕೆಳಕ್ಕೆ ಇಳಿಸಿದೆ. ಹೊಟ್ಟೆಯ ಅಡಿಭಾಗವನ್ನು ಚಾಕುವಿನಿಂದ ಕೆರೆದು ಒಳಕ್ಕೆ ಸರಿಸಿದೆ. ಪಕ್ಕೆಲುಬು ತುಸುವೇ ಕಾಣುವಂತೆ ಮೂರು ಗೆರೆ. ರಾತ್ರಿ ಹನ್ನೊಂದಕ್ಕೆ ಮೂರು ಕುದುರೆ ಮುಗಿದಿದ್ದವು. ಉಳಿದ ಒಂಬತ್ತಕ್ಕೆ ಮುಂದಿನ ಹದಿನೈದು ಸಂಜೆಗಳು ಹೋದವು.

ರಾವುತರಿಗೆ ಮೇಲಂಗಿ ಹೊದಿಸುವುದು ಅದಕ್ಕಿಂತ ಹಗುರಾದ ಕೆಲಸ, ನನಗೆ ಅತ್ಯಂತ ಇಷ್ಟವಾದದ್ದೂ ಹೌದು. ಎಪಾಕ್ಸಿ ಪುಟ್ಟಿಯ ಹಳದಿ ಮತ್ತು ನೀಲಿ ಪಟ್ಟಿಗಳನ್ನು ಸೇರಿಸಿ ನಾದಿದರೆ ಹಸಿರು ಕಣಕವಾಗುತ್ತದೆ. ಅದನ್ನು ಟಾಲ್ಕಂ ಪುಡಿ ಉದುರಿಸಿದ ಹಾಳೆಯ ಮೇಲೆ ಹಪ್ಪಳಕ್ಕಿಂತ ತೆಳ್ಳಗೆ ಲಟ್ಟಿಸಿ, ಅರ್ಧ ಗಂಟೆ ಬಿಟ್ಟು, ಸ್ವಲ್ಪ ಬಿಗಿಯಾದ ಮೇಲೆ ಗೊಂಬೆಯ ಭುಜಕ್ಕೆ ಹೊದಿಸಿ, ಒದ್ದೆ ಮಾಡಿದ ಸೂಜಿಯಿಂದ ಮಡಿಕೆ ಎಳೆಯಬೇಕು. ಮಡಿಕೆಗಳು ಭುಜದಿಂದಲೇ ಹುಟ್ಟಿ ಕುದುರೆಯ ಸೊಂಟದ ಮೇಲೆ ಹರಡಿಕೊಳ್ಳಬೇಕು. ಗಾಳಿ ಎಡದಿಂದ ಬೀಸುತ್ತಿದೆ ಎಂದು ಮನಸ್ಸಿನಲ್ಲಿಟ್ಟುಕೊಂಡು ಹನ್ನೆರಡು ಮೇಲಂಗಿಗಳನ್ನೂ ಒಂದೇ ಕಡೆಗೆ ಹಾರಿಸಿದೆ.

ನಾನು ಆರಿಸಿದ್ದು ಫ್ರೆಂಚ್ ಸೇನಾನಿ ಕ್ಲೈನ್‌ನ ಡಿವಿಷನ್ನಿನ 26ನೆಯ ಡ್ರಗೂನ್ ರೆಜಿಮೆಂಟ್. ಮೂವತ್ತು ಡ್ರಗೂನ್ ರೆಜಿಮೆಂಟುಗಳಿಗೂ ಹಸಿರು ಅಂಗಿ, ಜೂಲು ಇಳಿಬಿಟ್ಟ ಹಿತ್ತಾಳೆಯ ಶಿರಸ್ತ್ರಾಣ. ಎದೆಪಟ್ಟಿಯ ಬಣ್ಣ ಮಾತ್ರ ಆರಾರಕ್ಕೆ ಒಂದರಂತೆ ಬದಲಾಗುತ್ತದೆ. 25ರಿಂದ 30ರವರೆಗಿನವರದು ಫ್ರೆಂಚರು 'ಅರೋರ್' ಎಂದು ಕರೆಯುವ ಬಣ್ಣ. ಕಿತ್ತಳೆಯೂ ಅಲ್ಲ, ನಸುಗೆಂಪೂ ಅಲ್ಲ. ನಮ್ಮ ಅರುಣವರ್ಣ ಎಂಬ ಮಾತು ಅದಕ್ಕೆ ಸರಿಯಾಗಿ ಒಪ್ಪುತ್ತದೆ. ಆ ಬಣ್ಣ ಬೆರೆಸಲು ಎರಡು ಸಂಜೆ ತೆಗೆದುಕೊಂಡೆ. ಮಾಸಲು ಬಿಳಿಯ ಮೇಲಂಗಿ ಅದನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಮುಚ್ಚಿತು. ಎದೆಯ ಬಳಿ ಕಡ್ಡಿಯಷ್ಟು ಅಗಲಕ್ಕೆ ಇಣುಕುತ್ತದೆ. ಪೂರ್ತಿ ಕಾಣುವುದು ತುತ್ತೂರಿಯವನ ಮೇಲೆ ಮಾತ್ರ. ತುತ್ತೂರಿಯವರಿಗೆ ಅಂಗಿಯ ಬಣ್ಣವೂ ಪಟ್ಟಿಯ ಬಣ್ಣವೂ ಅದಲುಬದಲು ಎಂಬ ವಾಡಿಕೆಯಿತ್ತು. ಬೂದುಬಿಳಿ ಕುದುರೆಯ ಮೇಲೆ ಅರುಣವರ್ಣದ ಅಂಗಿಯವನೊಬ್ಬ, ಮೇಲಂಗಿಯನ್ನು ಹಿಂದಕ್ಕೆ ಎಸೆದು ತುತ್ತೂರಿ ಎತ್ತಿದ್ದಾನೆ.

ಕುದುರೆಗಳಿಗೆ ಎಣ್ಣೆಬಣ್ಣವೇ ಸರಿ. ಮೊದಲು ತಿಳಿಗಂದು ಅಕ್ರಿಲಿಕ್ ಬಳಿದು ಒಣಗಿಸಿ, ಅದರ ಮೇಲೆ ಕಡುಗಂದು ಎಣ್ಣೆಬಣ್ಣವನ್ನು ಪೂರ್ತಿಯಾಗಿ ಹಚ್ಚಿ, ಹತ್ತು ನಿಮಿಷದ ನಂತರ ಸ್ಪಂಜಿನಿಂದ ಒರೆಸಬೇಕು. ಉಬ್ಬಿದ ಕಡೆ ತಿಳಿಬಣ್ಣ ಹೊಳೆಯುತ್ತದೆ, ತಗ್ಗಿನಲ್ಲಿ ಕಡುಬಣ್ಣ ಉಳಿಯುತ್ತದೆ. ಸ್ನಾಯುಗಳು ತಾವಾಗಿಯೇ ಎದ್ದು ಬರುವ ಆ ಕ್ಷಣವನ್ನು ಎಷ್ಟು ಸಲ ನೋಡಿದರೂ ನನಗೆ ತೃಪ್ತಿಯಿಲ್ಲ. 1806ರಲ್ಲಿ ಪ್ರಷ್ಯಾವನ್ನು ಸೋಲಿಸಿದ ಯೆನಾ ಕದನದ ನಂತರ, ಕುದುರೆಯಿಲ್ಲದೆ ನಡೆಯುತ್ತಿದ್ದ ಡ್ರಗೂನರಿಗೆ ಪ್ರಷ್ಯನ್ನರಿಂದ ವಶಪಡಿಸಿಕೊಂಡ ಕುದುರೆಗಳನ್ನು ಹಂಚಿದ್ದರು. ಆದ್ದರಿಂದ ಒಂದೇ ಬಣ್ಣದ ಸಾಲು ಮಾಡದೆ, ಕಪ್ಪು ಜೂಲಿನ ಕಂದು, ಮೈಬಣ್ಣದ್ದೇ ಜೂಲಿನ ಕೆಂಗಂದು, ಒಂದೆರಡು ಕರಿಯವು ಎಂದು ಬೆರೆಸಿದೆ. ಸ್ಪ್ರೇ ವಾರ್ನಿಷ್ ಇಲ್ಲಿನ ಚಳಿಗಾಲದ ತೇವಕ್ಕೆ ಬಿಳಿಚಿಕೊಳ್ಳುತ್ತದೆ. ಹಾಗಾಗಿ ಕುಂಚದಲ್ಲೇ ಹಚ್ಚಿದೆ. ಹಿಮಕ್ಕೆ ಅಡುಗೆ ಸೋಡಾ ಬಳಸುವವರಿದ್ದಾರೆ, ಆದರೆ ಅದು ಕಾಲಕ್ರಮೇಣ ಹಳದಿಗೆ ತಿರುಗುತ್ತದೆ. ನಾನು ಬಳಸಿದ್ದು ನುಣ್ಣನೆಯ ಗಾಜಿನ ಪುಡಿ ಮತ್ತು ಬಿಳಿ ಅಂಟು. ಗೊರಸು ಊರಿದ ಕಡೆ ಹಿಮವನ್ನು ಕೆದಕಿ ಕೆಳಗಿನ ಕಪ್ಪು ಮಣ್ಣನ್ನು ತೋರಿಸಿದೆ.

ಶನಿವಾರ ರಾತ್ರಿ ಎಂಟಕ್ಕೆ ಹನ್ನೆರಡನ್ನೂ ಎರಡು ಸಾಲಿನಲ್ಲಿ, ಮೊಣಕಾಲಿಗೆ ಮೊಣಕಾಲು ತಾಗಿಸಿ ನಿಲ್ಲಿಸಿ ಫೋಟೋ ಕಳುಹಿಸಿದೆ. ಮೈಸೂರಿನಲ್ಲಿ ಆಗ ನಡುರಾತ್ರಿ ದಾಟಿತ್ತು. ಬೆಳಿಗ್ಗೆ ಎದ್ದಾಗ ಅಪ್ಪನ ಉತ್ತರ ಬಂದಿತ್ತು: "ಈಗ ಸದ್ದು ಸರಿಯಾಗಿ ಕೇಳಿಸುತ್ತಿದೆ. ಎರಡನೆಯ ಸಾಲಿನ ಕರಿಯ ಕುದುರೆ ನಮ್ಮದರ ಹಾಗೇ ಇದೆ. ಎತ್ತಿದ ಕಾಲಿಗೆ ಲಾಳ ಕಾಣುತ್ತಿಲ್ಲವಲ್ಲ?"

ಆಟಕ್ಕೆ ಎರಡು ಗಂಟೆ ಬಾಕಿಯಿತ್ತು. ಭೂತಗನ್ನಡಿಯ ದೀಪ ಹಚ್ಚಿ, ಅತಿ ಸಣ್ಣ ಕುಂಚವನ್ನು ಉಕ್ಕಿನ ಬಣ್ಣದಲ್ಲಿ ಅದ್ದಿ, ಕುದುರೆಗಳನ್ನು ಒಂದೊಂದಾಗಿ ತಲೆಕೆಳಗು ಮಾಡಿ ಹಿಡಿದೆ. ಒಂದೊಂದಕ್ಕೂ ಎತ್ತಿದ ಗೊರಸು ಎರಡು; ಒಟ್ಟು ಇಪ್ಪತ್ತನಾಲ್ಕು ಲಾಳ. ಕರಿಯ ಕುದುರೆಯದನ್ನು ಮೊದಲು ಮಾಡಿದೆ.